ಹಕ್ಕಿದೋಷದ ಊರಿನಲ್ಲಿ ಬಾಣಂತನ

ನನ್ನ ಮಗುವಿನ ಬಟ್ಟೆಗಳನ್ನು ಅತ್ತೆ ನನ್ನ ಕಣ್ಣೆದುರೇ ಒಲೆಗೆ ಹಾಕಿದರು. ಹಳೆಯವಲ್ಲ, ನನ್ನಮ್ಮ ಮಂಡ್ಯದಿಂದ ಕಳಿಸಿದ್ದ ಹೊಸ ಅಂಗಿಗಳು. ಸಾಯಂಕಾಲ ತಂತಿಯಿಂದ ತೆಗೆಯಲು ಮರೆತಿದ್ದೆ, ಅಷ್ಟೇ. ಹೊರಗೆ ಕತ್ತಲು ಕವಿಯುತ್ತಿತ್ತು. ಅತ್ತೆ ಓಡಿಬಂದು ಅವನ್ನು ಸೆಳೆದುಕೊಂಡು ನೇರ ಅಡುಗೆಮನೆಗೆ ನಡೆದರು.

"ಹೊತ್ತು ಮುಳುಗಿದ ಮ್ಯಾಲೆ ಕೂಸಿನ ಬಟ್ಟೆ ಆಚೆ ಬಿಟ್ಬುಟ್ಟಿದ್ದೀಯಲ್ಲ ಕಣಮ್ಮ! ಮ್ಯಾಲೆ ಹಕ್ಕಿ ಹಾದೋಗಿ ಕೂಸು ಬತ್ತೋದ್ರೆ ಏನ್ ಗತಿ?"

ನನಗೆ ನಗು ಬಂತು. ನಮ್ಮ ಕಡೆ ಮಕ್ಕಳ ಬಟ್ಟೆ ಮಳೆ ಬರುವವರೆಗೂ ತಂತಿಯ ಮೇಲೇ ಇರುತ್ತದೆ, ಕಾಗೆ ಬಂದು ಕೂತರೂ ಯಾರೂ ಕೇಳುವುದಿಲ್ಲ. ಆದರೆ ಅತ್ತೆ ಕೊನೆಯ ಎಳೆ ಬೂದಿಯಾಗುವ ತನಕ ಒಲೆಯ ಮುಂದೆಯೇ ನಿಂತರು. ಅದನ್ನು ನೋಡಿ ನಗುವುದನ್ನು ಬಿಟ್ಟೆ.

ಊರಿನ ಗೆಳತಿಯರೇ, ನೀವು ಫೋನಿನಲ್ಲಿ ಕೇಳುತ್ತಲೇ ಇರುತ್ತೀರಿ, ಆಂಧ್ರದಲ್ಲಿ ಹೇಗಿದ್ದೀಯೇ ಎಂದು. ಮದುವೆಯಾಗಿ ಹಿಂದೂಪುರಕ್ಕೆ ಬಂದಾಗ ನನಗೆ ಪರದೇಶ ಅನ್ನಿಸಿರಲೇ ಇಲ್ಲ. ನನ್ನ ಗಂಡ ನಾಗರಾಜ ಅಲ್ಲಿನ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್. ಬಾಡಿಗೆ ಮನೆಯ ಓನರಮ್ಮನಿಂದ ಹಿಡಿದು ಸೊಪ್ಪು ಮಾರುವವಳ ತನಕ ಎಲ್ಲರಿಗೂ ಕನ್ನಡ ಬರುತ್ತಿತ್ತು. ಬೋರ್ಡುಗಳನ್ನು ಓದಲು ಬಾರದಿದ್ದರೂ ಬದುಕು ನಡೆಯುತ್ತಿತ್ತು. ಪರದೇಶ ಶುರುವಾದದ್ದು ಹೆರಿಗೆಯಾದ ಮೇಲೆ. ಅಮ್ಮ ಸೊಂಟದ ಆಪರೇಷನ್ ಆಗಿ ಮಲಗಿದ್ದರಿಂದ ಬಾಣಂತನಕ್ಕೆ ತವರಿಗೆ ಹೋಗಲಾಗಲಿಲ್ಲ. ಕುಂದುರ್ಪಿ ಹತ್ತಿರದ ಅತ್ತೆಯ ಹಳ್ಳಿಗೆ ಬಂದೆ. ನಾಗರಾಜ ಭಾನುವಾರ ಮಾತ್ರ ಬಂದು ಹೋಗುತ್ತಿದ್ದರು.

ಪಥ್ಯ ನಮ್ಮ ಕಡೆಯೂ ಇದೆ. ಆದರೆ ನಮ್ಮಲ್ಲಿ ಹಾಲು ಹೆಚ್ಚಲಿ ಎಂದು ಗಂಜಿ, ಸಬ್ಬಸಿಗೆ ಸೊಪ್ಪಿನ ಸಾರು ಎಂದು ಹೊಟ್ಟೆ ಬಿರಿಯುವಂತೆ ಸುರಿಯುತ್ತಾರೆ. ಇಲ್ಲಿ ಎಲ್ಲವೂ ಒಣ ಒಣ. ಬಿಸಿ ಅನ್ನ, ಮೇಲೆ ತುಪ್ಪ, ಜೊತೆಗೆ ಇವರು 'ಕಾರಂ' ಎನ್ನುವ ಬೆಳ್ಳುಳ್ಳಿ ಖಾರದ ಪುಡಿ. ನೀರು ಮಾತ್ರ ಲೋಟದ ತಳ ಮುಚ್ಚುವಷ್ಟು. ಬಾಣಂತಿ ನೀರು ಕುಡಿದರೆ ಕೂಸಿಗೆ ಶೀತವಾಗುತ್ತದಂತೆ. ಬೇಸಿಗೆಯ ಝಳದಲ್ಲಿ ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆಯ ನಡುವೆ ಕೂತು, ನಾನು ನಮ್ಮೂರ ನಾಲೆಯನ್ನು ನೆನೆದು ನಾಲಿಗೆ ಒಣಗಿಸಿಕೊಳ್ಳುತ್ತಿದ್ದೆ.

ಬಟ್ಟೆ ಸುಟ್ಟ ಕೆಲವೇ ದಿನಗಳಲ್ಲಿ ಮಗು ಸೊರಗತೊಡಗಿತು. ತೊಡೆಯ ಚರ್ಮ ಸಡಿಲವಾಯಿತು. ಅಳು ಸಣ್ಣದಾಯಿತು. ಹಾಲು ಕುಡಿಯುತ್ತಲೇ ನಿದ್ದೆಗೆ ಜಾರುತ್ತಿತ್ತು, ಎಬ್ಬಿಸಿದರೂ ಏಳುತ್ತಿರಲಿಲ್ಲ. ನೋಡಲು ಬಂದ ಅಕ್ಕಪಕ್ಕದವರು ಮಗುವನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಏನೂ ಹೇಳದೆ ಎದ್ದು ಹೋಗುತ್ತಿದ್ದರು. ನಮ್ಮೂರಿನಲ್ಲಾದರೆ ಒಬ್ಬೊಬ್ಬರೂ ಒಂದೊಂದು ಸಲಹೆ ಕೊಟ್ಟು ತಲೆ ತಿನ್ನುತ್ತಿದ್ದರು. ಆ ತಲೆ ತಿನ್ನುವಿಕೆಗಾಗಿ ನಾನು ಹಂಬಲಿಸಿದ್ದು ಅದೇ ಮೊದಲು. ಈ ಮೌನ ನನ್ನನ್ನು ನಿಜಕ್ಕೂ ಹೆದರಿಸಿತು.

ಈ ಮನೆಯವರು ನನ್ನೊಡನೆ ಕನ್ನಡ ಆಡುತ್ತಾರೆ. ನನಗೆ ತಿಳಿಯಬಾರದ ಮಾತಿಗೆ ತೆಲುಗು. ಅವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಹಿಂದೂಪುರದ ಒಂಟಿ ಮಧ್ಯಾಹ್ನಗಳಲ್ಲಿ ಟಿವಿ ಧಾರಾವಾಹಿ ನೋಡಿ ನೋಡಿ ನಾನು ತೆಲುಗು ಕಲಿತುಬಿಟ್ಟಿದ್ದೆ. ಮಾತಾಡಲು ನಾಚಿಕೆ, ಹಾಗಾಗಿ ಹೇಳಿರಲಿಲ್ಲ.

ಆ ವಾರ ರೊದ್ದಂನಿಂದ ಅತ್ತೆಯ ಅಕ್ಕ ಬಂದರು. ನಾವು ದೊಡ್ಡತ್ತೆ ಎನ್ನುತ್ತೇವೆ. ಮಗುವಿನ ಹೊಟ್ಟೆ ಸವರಿ ನೋಡಿದರು. ಹೊರಗೆ ಜಗಲಿಯ ಮೇಲೆ ಅಕ್ಕತಂಗಿಯರು ಕೂತರು. ಬಾಗಿಲ ಸಂದಿಯಿಂದ ದೊಡ್ಡತ್ತೆಯ ಮಾತು ಸ್ಪಷ್ಟವಾಗಿ ಕೇಳಿಸಿತು.

"ಆದಿವಾರಂ ವಾಡೊಚ್ಚೇಲೋಪಲ ವಾತ ಪೆಡದಾಂ."

ಭಾನುವಾರ ಅವನು ಬರುವುದರೊಳಗೆ ವಾತ ಹಾಕೋಣ. ವಾತ ಎಂದರೆ ಬರೆ. ಹಕ್ಕಿದೋಷ ತಗುಲಿದ ಕೂಸಿನ ಹೊಟ್ಟೆಗೆ ಸೂಜಿ ಕಾಯಿಸಿ ಎಳೆಯುತ್ತಾರೆ. ಎದುರುಮನೆಯ ಹುಡುಗಿಯ ಹೊಕ್ಕುಳ ಸುತ್ತ ಆ ಗುರುತುಗಳನ್ನು ನಾನು ಕಂಡಿದ್ದೆ, ಏನೆಂದು ತಿಳಿದಿರಲಿಲ್ಲ. ಈಗ ತಿಳಿಯಿತು. 

ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲಿಗೆ ಬಂದು ನಿಂತೆ.

"ನಾ ಬಿಡ್ಡನಿ ಮುಟ್ಟುಕೋವದ್ದು," ಎಂದೆ. ನನ್ನ ಮಗುವನ್ನು ಮುಟ್ಟಬೇಡಿ. ನಾನು ತೆಲುಗಿನಲ್ಲಿ ಆಡಿದ ಮೊದಲ ವಾಕ್ಯ ಅದು.

ದೊಡ್ಡತ್ತೆ ಧಡಕ್ಕನೆ ಎದ್ದು ನಿಂತರು. ಆಮೇಲೆ ಕನ್ನಡದಲ್ಲಿ, "ನಾಳೆ ಏನಾದ್ರೂ ಆದ್ರೆ ನಮ್ಮುನ್ನ ಅನ್ಬ್ಯಾಡ ಕಣಮ್ಮ," ಎಂದು ಚೀಲ ಎತ್ತಿಕೊಂಡು ಹೊರಟೇಬಿಟ್ಟರು. ಅತ್ತೆ ಕೂಗಾಡಿಯಾರು ಎಂದು ಕಾದೆ. ಅವರು ನನ್ನನ್ನೊಮ್ಮೆ ನೋಡಿ, ಎದ್ದು ಚಪ್ಪಲಿ ಮೆಟ್ಟಿದರು.

"ನಡಿ. ಕಲ್ಯಾಣದುರ್ಗದ ಬಸ್ಸು ಬತ್ತೈತೆ."

ಕಲ್ಯಾಣದುರ್ಗದ ಡಾಕ್ಟರಮ್ಮ ಮಗುವನ್ನು ತೂಗಿ, ಬಾಯೊಳಗೆ ನೋಡಿ, ಆಮೇಲೆ ನನ್ನ ಒಡೆದ ತುಟಿಗಳನ್ನು ನೋಡಿದರು. ದಿನಕ್ಕೆ ಎಷ್ಟು ನೀರು ಕುಡಿಯುತ್ತೀಯೆಂದು ಕೇಳಿದರು. ನಾನು ಅತ್ತೆಯ ಮುಖ ನೋಡಿದೆ. ಮಗುವಿಗೆ ಹಾಲು ಸಾಲುತ್ತಿಲ್ಲ, ತಾಯಿ ಬಾಯಾರಿದಷ್ಟೂ ಕುಡಿಯಬೇಕು, ಹೊಟ್ಟೆ ತುಂಬ ಉಣ್ಣಬೇಕು, ಎದೆಹಾಲು ಹೆಚ್ಚುವ ತನಕ ಡಬ್ಬಿಯ ಮೇಲುಹಾಲು ಕೊಡಿ ಎಂದರು. ಇನ್ನೂ ತಡಮಾಡಿದ್ದರೆ ಕಷ್ಟವಾಗುತ್ತಿತ್ತು ಎಂದೂ ಹೇಳಿದರು. ನನಗೆ ಅಳು ಬಂತು. ಗೆದ್ದೆ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಆ ಗೆಲುವು ಬಸ್ಸು ಊರು ದಾಟುವವರೆಗೂ ಉಳಿಯಲಿಲ್ಲ. ಅತ್ತೆ ಸ್ಟ್ಯಾಂಡಿನಲ್ಲಿ ಕೊಂಡ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ನನ್ನ ಕೈಗಿಟ್ಟರು. ನಾನು ಗಟಗಟ ಕುಡಿಯುವುದನ್ನು ನೋಡುತ್ತಾ ಇದ್ದವರು ಕಿಟಕಿಯ ಕಡೆ ತಿರುಗಿದರು.

"ನನ್ನ ಮೊದಲ್ನೇ ಕೂಸೂ ಹಿಂಗೇ ಬತ್ತೋಯ್ತು ಕಣಮ್ಮ. ನಾಗರಾಜಂಗಿಂತ ಮುಂಚೆ ಹುಟ್ಟಿದ್ದು. ನಮ್ಮಕ್ಕನೇ ವಾತ ಹಾಕಾಕೆ ಬಂದಿದ್ಲು. ನಾನೂ ನಿನ್ನಂಗೇ ಬಾಗ್ಲಾಗೆ ನಿಂತ್ಕಂಡು ಬ್ಯಾಡ ಅಂದ್ಬುಟ್ಟೆ."

"ಆಮೇಲೆ?" ಎಂದೆ. ಕೇಳಬಾರದಿತ್ತು.

"ಆಮ್ಯಾಕೇನು. ಹೋಯ್ತು."

ಆ ಕೂಸಿಗೂ ಹಾಲೇ ಸಾಲದೆ ಹೋಗಿರಬಹುದು. ಹಾಗೆಂದು ಹೇಳಲು ಬಾಯಿ ಬರಲಿಲ್ಲ. ಹೇಳಿದರೆ, ಇಷ್ಟು ವರ್ಷ ಹಕ್ಕಿಯ ಮೇಲೆ ಹೊರಿಸಿದ್ದನ್ನು ತಂದು ಅವರ ತಲೆಗೇ ಕಟ್ಟಿದಂತಾಗುತ್ತಿತ್ತು. 

ಈಗ ಮಗು ತುಂಬಿಕೊಂಡಿದೆ. ಮೊನ್ನೆ ಅಂಗನವಾಡಿಯಲ್ಲಿ ತೂಗಿಸಿ ಬಂದು ಅಂಗಳದಿಂದಲೇ ಖುಷಿಯಲ್ಲಿ, "ಅತ್ತೆ, ತೂಕ ಜಾಸ್ತಿ ಆಗಿದೆ!" ಎಂದು ಕೂಗಿದೆ. ಹಿಟ್ಟು ಕಲಸುತ್ತಿದ್ದವರು ಹಾಗೇ ಓಡಿಬಂದು ಹಿಟ್ಟಿನ ಕೈಯಿಂದಲೇ ನನ್ನ ಬಾಯಿ ಮುಚ್ಚಿದರು. ಬೈಯಲಿಲ್ಲ. ಹಕ್ಕಿಗೆ ಕೇಳಿಸಿತೇನೋ ಎಂಬಂತೆ ಆಕಾಶದ ಕಡೆ ಒಮ್ಮೆ ನೋಡಿ, ನನ್ನ ಬಾಯಿಂದ ಕೈ ತೆಗೆದರು. ನಾನೂ ಆಕಾಶ ನೋಡಿದೆ.

ಅದೇ ಸಂಜೆ ಅಮ್ಮ ವಿಡಿಯೋ ಕಾಲ್ ಮಾಡಿ, "ಅಯ್ಯೋ ನನ್ ಕಂದ, ಎಷ್ಟು ಗುಂಡ್‌ಗುಂಡಗವ್ನೆ!" ಎಂದಳು. ನಾನು ಥಟ್ಟನೆ ಫೋನನ್ನು ಗೋಡೆಯ ಕಡೆ ತಿರುಗಿಸಿದೆ. "ಯಾಕೆ ಮಗ, ಏನಾಯ್ತು?" ಎಂದು ಅಮ್ಮ ಕೇಳುತ್ತಲೇ ಇದ್ದಳು. ನೆಟ್‌ವರ್ಕ್ ಸರಿಯಿಲ್ಲ ಎಂದೆ.

ಬರುವ ತಿಂಗಳು ಮಗುವನ್ನು ಕರೆದುಕೊಂಡು ಊರಿಗೆ ಬರುತ್ತಿದ್ದೇನೆ. ಎಲ್ಲರೂ ಬನ್ನಿ, ಎತ್ತಿ ಆಡಿಸಿ. ನೀವೆಲ್ಲ ನಗುತ್ತೀರಿ, ನಾನೂ ನಗುತ್ತಿದ್ದವಳೇ. ಆದರೆ ದಯವಿಟ್ಟು ಯಾರೂ ಮಗು ಚೆನ್ನಾಗಿದೆ ಎನ್ನಬೇಡಿ. ಹಾಗೆ ಅಂದುಬಿಟ್ಟರೆ, ನನ್ನ ತವರಿನ ಪಡಸಾಲೆಯಲ್ಲೇ, ನನ್ನಮ್ಮನ ಎದುರಿಗೇ, ನಿಮ್ಮ ಬಾಯಿಗೆ ನಾನು ಕೈ ಅಡ್ಡ ಹಿಡಿದೇನು.