ಮದ್ದು ಅಳೆಯುತ್ತಿದ್ದ ಕೋಚ್

ಐರೋಲಿಯ ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ, ಪಿಸ್ತೂಲಿನ ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬುವುದನ್ನು ಲೈಸೆನ್ಸ್ ಇದ್ದವರಿಗೆ ಕಲಿಸುತ್ತಿದ್ದವರು ಮಂಗಳೂರು ಕಡೆಯ ಒಬ್ಬ ಮಿತಭಾಷಿ ಕೋಚ್. ತಕ್ಕಡಿ ಮುಟ್ಟುವ ಮೊದಲು ಕನ್ನಡಕ ಒರೆಸಿಕೊಂಡು, "ಕಮ್ಮಿಯಿಂದ ಸುರು ಮಾಡುವ ಮಾರಾಯ್ತಿ," ಎನ್ನುತ್ತಿದ್ದರು.

ನನ್ನ ಮೊದಲ ಸ್ಪರ್ಧೆಗೆ ವಾರವಿತ್ತು. ಒಂದು ತೋಟಾಕ್ಕೆ ಎಷ್ಟು ಮದ್ದು ಎಂದು ಗೆಳೆಯನೊಬ್ಬ ಫೋನಿಗೆ ಕಳಿಸಿದ ಅಳತೆಯನ್ನು ಕುಣಿಯುತ್ತಲೇ ತೋರಿಸಿದೆ.

"ಸರ್, ಏಕ್‌ದಮ್ ಪವರ್‌ಫುಲ್ ಅಂತೆ!"

ಅವರು ಮದ್ದಿನ ಡಬ್ಬಿಯ ಹೆಸರು ಓದಿ, ಅದರ ಕಂಪನಿಯ ಪುಸ್ತಕ ತೆರೆದು ಬೆರಳಿಟ್ಟರು. ಗೆಳೆಯನ ಅಳತೆ ಬೇರೆ ಮದ್ದಿನದು. ನಮ್ಮದಕ್ಕೆ ಅದು ಗರಿಷ್ಠ ಮಿತಿಯನ್ನೂ ದಾಟಿತ್ತು. ಪಿಸ್ತೂಲು ನನ್ನ ಕೈಯಲ್ಲೇ ಸಿಡಿಯಬಹುದಿತ್ತು.

ಅವರು ಬೈಯಲಿಲ್ಲ. ಪುಸ್ತಕದ ಆರಂಭಿಕ ಅಳತೆಯಲ್ಲೇ ನನ್ನಿಂದ ಐದು ತೋಟಾ ತುಂಬಿಸಿದರು. ಗುಂಡು ಹಾರಿಸಿದೆ. ಐದೂ ಗುರಿಹಲಗೆಯ ಕಪ್ಪು ವೃತ್ತದೊಳಗೆ! ನಾನು ಕಿರುಚುವ ಮೊದಲೇ ಆ ಮಿತಭಾಷಿ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದರು.