ನಮ್ಮ ಬಾಗಿಲ ಮೇಲಿನ ಸೊನ್ನೆ

ನಮ್ಮತ್ತೆಯ ಪ್ರಕಾರ ಭೂಮಿಯ ಮೇಲೆ ಇರುವುದು ಎರಡೇ ಥರದ ನೀರು. ಒಂದು ಹೊಳೆ ನೀರು, ಇನ್ನೊಂದು ನೀರೇ ಅಲ್ಲ. ಅವರು ಹುಟ್ಟಿ ಬೆಳೆದದ್ದು ಮಲೆಬೆನ್ನೂರಿನ ಹತ್ತಿರ, ಗದ್ದೆಗೆ ಕಾಲುವೆ ನೀರು ಧೋ ಅಂತ ನುಗ್ಗುವ ಊರಲ್ಲಿ. ಮದುವೆಯಾಗಿ ಆವರಗೆರೆಗೆ ಬಂದು ಬೋರಿನ ಸವುಳು ನೀರು ಬಾಯಿಗೆ ಹಾಕಿಕೊಂಡವರು ಆವತ್ತು ಮುಖ ಕಿವುಚಿದ್ದು, ನಲವತ್ತು ವರ್ಷವಾದರೂ ಬಿಚ್ಚಿಲ್ಲ. ಆ ನೀರಲ್ಲಿ ಬೇಳೆ ಬೇಯುವುದಿಲ್ಲ, ನಿಜ. ಎಷ್ಟು ಕುದಿಸಿದರೂ ಕಲ್ಲಿನ ಹಾಗೆ ಉಳಿಯುತ್ತದೆ. ನಲ್ಲಿಯಲ್ಲಿ ಹೊಳೆ ನೀರು ಬರುವುದು ಎಂಟು ದಿನಕ್ಕೊಮ್ಮೆ. ಬಂದ ದಿನ ಅತ್ತೆ ಡ್ರಮ್ಮು, ಹಂಡೆ, ಕೊಡ, ಕಿವಿ ಮುರಿದ ಕುಕ್ಕರ್, ಕೊನೆಗೆ ಉಪ್ಪಿನಕಾಯಿ ಜಾಡಿಯನ್ನೂ ಬಿಡದೆ ತುಂಬಿಸುತ್ತಾರೆ.

ಅಂಥವರಿಗೆ ಸೊಸೆಯಾಗಿ ಸಿಕ್ಕವಳು ನಾನು, ಆಶಾ ಕಾರ್ಯಕರ್ತೆ. ಪ್ರತಿ ಶುಕ್ರವಾರ ಕೈಯಲ್ಲಿ ಟಾರ್ಚು, ಚೀಲದಲ್ಲಿ ಸೀಮೆಸುಣ್ಣ ಹಿಡಿದು ಮನೆಮನೆ ಹೊಕ್ಕು ಡ್ರಮ್ಮಿನಲ್ಲಿ ಸೊಳ್ಳೆಮರಿ ಇದೆಯೇ ಎಂದು ಇಣುಕುವುದು ನನ್ನ ಕೆಲಸ. ಹುಳ ಕಂಡರೆ ನೀರು ಚೆಲ್ಲಿಸಬೇಕು. ಎಷ್ಟು ಪಾತ್ರೆಯಲ್ಲಿ ಹುಳ ಇತ್ತೋ ಆ ಸಂಖ್ಯೆಯನ್ನು ಬಾಗಿಲ ಪಕ್ಕದ ಗೋಡೆಗೆ ಬರೆಯಬೇಕು. ಏನೂ ಇಲ್ಲದಿದ್ದರೆ ಸೊನ್ನೆ.

ಎಂಟು ದಿನಕ್ಕೊಮ್ಮೆ ಬರುವ ನೀರನ್ನು ಚೆಲ್ಲು ಅಂದರೆ ಯಾರು ಸುಮ್ಮನಿರುತ್ತಾರೆ ಹೇಳಿ. ಬೈಗುಳ ತಿಂದು ತಿಂದು ನನ್ನ ಹೊಟ್ಟೆ ತುಂಬಿತ್ತು. ನನ್ನದೂ ಮೂಗಿನ ತುದಿಯಲ್ಲೇ ಕೋಪ. ಎದುರು ಮನೆಯ ಟೈಲರಮ್ಮ ಒಂದು ಸಲ ಡ್ರಮ್ಮಿಗೆ ಅಡ್ಡ ನಿಂತು, "ಏನ್ರೀ ಮೇಡಂ, ನಿಮ್ಮ ತವರುಮನಿಯಿಂದ ತಂದ ನೀರೇನ್ರೀ ಇದು, ಚೆಲ್ಲಾಕೆ?" ಅಂದಳು. ನಾನು ಸೀರೆ ಸೆರಗು ಸಿಕ್ಕಿಸಿ ಆ ಡ್ರಮ್ಮನ್ನು ನಾನೇ ಉರುಳಿಸಿ ಬಂದೆ. ಎರಡು ವಾರ ಮಾತು ಬಿಟ್ಟಳು. ನನ್ನ ರವಿಕೆ ಬೇರೆ ಅವಳ ಹತ್ತಿರವೇ ಹೊಲಿಯಲು ಇತ್ತು.

ಇಷ್ಟೆಲ್ಲ ಜೋರು ಮಾಡುತ್ತಿದ್ದ ನಾನು ಇಡೀ ಬೀದಿಯಲ್ಲಿ ನೋಡದೆ ಬಿಟ್ಟ ಮನೆ ಒಂದೇ, ನಮ್ಮದು. ಹಿತ್ತಲು ಅತ್ತೆಯ ರಾಜ್ಯ. ಡ್ರಮ್ಮಿಗೆ ಬಟ್ಟೆ ಕಟ್ಟಿರಿ ಎಂದು ಒಮ್ಮೆ ಹೇಳಿದ್ದೆ, ಹಳೇ ಸೀರೆ ಹರಿದು ಕಟ್ಟಿದ್ದರು. ಅಷ್ಟು ಸಾಕೆಂದುಕೊಂಡು, ಸುತ್ತಾಡಿ ಕಾಲು ಸೋತು ಬಂದವಳು ಹೊರಗೇ ನಿಂತು ಒಂದು ಸೊನ್ನೆ ಎಳೆದು ಒಳಗೆ ಹೋಗಿ ಚಹಾ ಕುಡಿಯುತ್ತಿದ್ದೆ.

ಆ ಮಳೆಗಾಲದಲ್ಲಿ ಬೀದಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ಡೆಂಗಿ ಜ್ವರ ಅಂತ ಮಲಗತೊಡಗಿದರು. ಅದೇ ಹೊತ್ತಿಗೆ ನಮ್ಮ ಮನೆಯಲ್ಲಿ ಕುಬಸದ, ಅಂದರೆ ಸೀಮಂತದ, ಗಡಿಬಿಡಿ. ಹರಿಹರಕ್ಕೆ ಕೊಟ್ಟಿದ್ದ ನಾದಿನಿಗೆ ಏಳನೇ ತಿಂಗಳು. ಆರು ವರ್ಷ ಕಾದು, ನಡುವೆ ಎರಡು ಸಲ ಕಳೆದುಕೊಂಡು, ಈಗ ನಿಂತ ಬಸಿರು. ಕುಬಸ ಮುಗಿಸಿ ಹೆರಿಗೆವರೆಗೂ ನಮ್ಮಲ್ಲೇ ಇರುವವಳಿದ್ದಳು. ಬಸುರಿಗೆ ಡೆಂಗಿ ಬಂದರೆ ಏನೇನಾಗಬಹುದು ಎಂದು ತರಬೇತಿಯಲ್ಲಿ ಕೇಳಿದ್ದ ನನಗೆ ಅವಳ ಮುಖ ನೆನಪಾದಾಗೆಲ್ಲ ಎದೆ ಝಲ್ಲೆನ್ನುತ್ತಿತ್ತು. ಅದಕ್ಕೇ ಆ ಶುಕ್ರವಾರ ಬೀದಿಯಲ್ಲಿ ಯಾರನ್ನೂ ಬಿಡಲಿಲ್ಲ. ಟೈಲರಮ್ಮನ ಡ್ರಮ್ಮು ಮತ್ತೆ ಉರುಳಿತು.

ಈ ಸಲ ಅವಳು ಜಗಳ ಆಡಲಿಲ್ಲ. ಸೊಂಟದ ಮೇಲೆ ಕೈ ಇಟ್ಟು, "ನಮ್ಮನಿ ಆತು. ಈಗ ನಿಮ್ಮನಿ ನೋಡಣ, ನಡ್ರಿ" ಅಂದಳು. ಅಕ್ಕಪಕ್ಕದ ನಾಲ್ಕಾರು ಹೆಂಗಸರು "ಹೌದೌದು, ನಡ್ರಿ" ಎಂದು ಹಿಂದೆ ಬಿದ್ದರು. ನಾನೂ ಧಿಮಾಕಿನಿಂದಲೇ ಮುಂದೆ ನಡೆದೆ.

"ಬರ್ರವ್ವ ಬರ್ರಿ, ನೋಡ್ರಿ," ಎಂದು ಅತ್ತೆ ಖುಷಿಯಿಂದ ಹಿತ್ತಲಿಗೆ ಕರೆದೊಯ್ದರು. ನಾಲ್ಕು ಡ್ರಮ್ಮು, ನಾಲ್ಕಕ್ಕೂ ಬಣ್ಣದ ಸೀರೆಯ ಮುಸುಕು. ಹತ್ತಿರ ಹೋದರೆ ಪ್ರತಿ ಮುಸುಕಿನ ನಡುವೆ ಒಂದು ದುಂಡನೆಯ ತೂತು! ಸರಿಯಾಗಿ ತಂಬಿಗೆ ಹಿಡಿಯುವಷ್ಟು.

"ಇದೇನತ್ತೀ?"

"ಮತ್ತೆ? ತಂಬಿಗಿ ನೀರಿಗೆ ಪ್ರತಿ ಸಲ ಗಂಟು ಬಿಚ್ಚಿ ಕಟ್ಟಕಾಗುತ್ತೇನು? ಕತ್ತರಿಲೆ ಕತ್ತರಿಸೀನಿ."

ಟೈಲರಮ್ಮ ಬಟ್ಟೆ ಮುಟ್ಟಿ ನೋಡಿ, "ಕಟಿಂಗ್ ಮಸ್ತ್ ಐತ್ರಿ ಅಮ್ಮಾರೆ" ಅಂದಳು. ನಾನು ಟಾರ್ಚು ಬಿಟ್ಟೆ. ಒಳಗೆ ಸೊಳ್ಳೆಮರಿಗಳ ಜಾತ್ರೆಯೇ ನೆರೆದಿತ್ತು. ನಾಲ್ಕು ಡ್ರಮ್ಮಿನಲ್ಲೂ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ಅತ್ತೆ ಮಾತ್ರ ಬಗ್ಗಿ ನೋಡಿ ಸಮಾಧಾನವಾಗಿ ಹೇಳಿದರು: "ಹುಳ ಅದಾವೆ ಅಂದ್ರೆ ನೀರು ಚಲೋ ಐತೆ ಅಂತರ್ಥ. ಸವುಳು ನೀರಾಗ ಹುಳ ಬದುಕ್ತಾವೇನು? ನಾ ಸೋಸಿ ಕುಡಿಸ್ತೀನಿ ಬಿಡು."

ಹೆಂಗಸರು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಮೂರು ಡ್ರಮ್ಮು ಅಲ್ಲೇ ಮಣ್ಣಿಗೆ ಉರುಳಿಸಿದೆ. ನಾಲ್ಕನೆಯದಕ್ಕೆ ಕೈ ಹಾಕಿದಾಗ ಅತ್ತೆ ಅದನ್ನು ತಬ್ಬಿಕೊಂಡು ನಿಂತುಬಿಟ್ಟರು. ಅದು ಕುಬಸದ ಹೋಳಿಗೆಗೆ ಬೇಳೆ ಬೇಯಿಸಲು ಇಟ್ಟ ನೀರು. ಕುಬಸಕ್ಕೆ ಐದು ದಿನ, ನಲ್ಲಿ ಬರುವುದು ಅದಾದ ಮರುದಿನ. "ನನ್ನ ಮಗಳ ಕುಬಸಕ್ಕೆ ಬೇಯದ ಬೇಳಿ ಹೋಳಿಗಿ ಮಾಡ್ಲೇನು? ಬ್ಯಾಡವ್ವ, ಇದೊಂದು ಬ್ಯಾಡ," ಎನ್ನುವಾಗ ಅವರ ಕಣ್ಣಲ್ಲಿ ನೀರಿತ್ತು.

ನನಗೂ ಎಳೆದಾಡಲು ಮನಸ್ಸಾಗಲಿಲ್ಲ. ಆ ಡ್ರಮ್ಮಿಗೆ ತೂತಿಲ್ಲದ ಬಟ್ಟೆಯನ್ನು ಎರಡು ಪದರ ಬಿಗಿದು ಕಟ್ಟಿದೆ. ಒಂದು ಗಾಜಿನ ಬಾಟಲಿಗೆ ಅದೇ ನೀರು, ಅದೇ ಹುಳ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಅಡುಗೆಮನೆಯ ಕಿಟಕಿಯಲ್ಲಿಟ್ಟೆ. "ಎರಡು ದಿನ ಇದನ್ನ ನೋಡ್ರಿ. ಆಮೇಲೆ ನೀವು ಹೇಳಿದಂಗೆ" ಅಂದೆ.

ಅತ್ತೆ ಧಾರಾವಾಹಿ ಬಿಟ್ಟು ಬಾಟಲಿ ನೋಡಲು ಕೂತರು. "ಇವತ್ತು ಒಂದು ಗುಂಡಗಾಗೈತೆ ನೋಡು, ಬಸುರಿ ಇರಬೇಕು" ಎಂದು ವರದಿ ಒಪ್ಪಿಸಿದರು. ಭಾನುವಾರ ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ ಕೂಗಿದರು: "ಏ ಬಾರೇ ಇಲ್ಲಿ!" ಬಾಟಲಿಯೊಳಗೆ ನೀರಿನ ಮೇಲೆ ಏಳೆಂಟು ಸೊಳ್ಳೆ ಕೂತಿದ್ದವು. ಕರೀ ಮೈ, ಕಾಲಿಗೆ ಬಿಳಿ ಪಟ್ಟೆ.

"ಇವೇ ಏನು, ಡೆಂಗಿದು?"

"ಇವೇ."

ಅತ್ತೆ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮೆಲ್ಲಗೆ ಅಂದರು: "ನನಗೆ ಓದಾಕ ಬರಲ್ಲ. ಆದ್ರೆ ಸೊನ್ನಿ ಗೊತ್ತಾಗುತ್ತೆ. ವಾರ ವಾರ ನಮ್ಮ ಬಾಗಿಲಿಗೆ ನೀ ಸೊನ್ನಿ ಹಾಕ್ತಿದ್ದಿ. ನನ್ನ ಸೊಸಿ ಬರದಾಳೆ ಅಂದ್ಮ್ಯಾಗ ನಮ್ಮ ನೀರು ಚಲೋ ಐತೆ ಅಂತ ನಾ ನಂಬಿದ್ದೆನವ್ವ."

ಬೀದಿಯಲ್ಲಿ ತಿಂದ ಬೈಗುಳವನ್ನೆಲ್ಲ ಒಟ್ಟು ಮಾಡಿದರೂ ಆ ಒಂದು ಮಾತಿನಷ್ಟು ನೋಯಲಿಲ್ಲ. "ತಪ್ಪಾತತ್ತೀ" ಅಂದೆ. ಅವರು ಎದ್ದು ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿ, ಸೀದಾ ಹಿತ್ತಲಿಗೆ ಹೋಗಿ, ಹೋಳಿಗೆಯ ಡ್ರಮ್ಮನ್ನು ತಾವೇ ಕಾಲಿನಿಂದ ಒದ್ದು ನುಗ್ಗೆಗಿಡದ ಬುಡಕ್ಕೆ ಉರುಳಿಸಿದರು.

ಕುಬಸದ ದಿನ ಬೆಳಿಗ್ಗೆ ಸವುಳು ನೀರಲ್ಲಿ ಬೇಳೆ ನೆನೆಹಾಕಲು ಹೊರಟಿದ್ದೆವು. ಬಾಗಿಲಲ್ಲಿ ಟೈಲರಮ್ಮನ ದನಿ ಕೇಳಿತು: "ಹೊಳಿ ನೀರ್ರೀ, ಹುಳ ಇಲ್ಲ, ಚೆಕ್ ಮಾಡ್ಕೊಳ್ರಿ ಮೇಡಂ!" ಸೊಂಟದ ಮೇಲೆ, ಮನೆಯವರಿಗೆ ಕುಡಿಯಲೆಂದು ಎತ್ತಿಟ್ಟಿದ್ದ, ಮುಚ್ಚಳ ಹಾಕಿದ ಸ್ಟೀಲ್ ಕೊಡ. ಅವಳ ಹಿಂದೆ ಇನ್ನೂ ಐದು ಹೆಂಗಸರು, ಐದು ಕೊಡ. ನಾನು ಯಾರ್ಯಾರ ನೀರು ಚೆಲ್ಲಿಸಿದ್ದೆನೋ ಅವರೇ ಎಲ್ಲ. ಅತ್ತೆ ನನ್ನ ಕೈಯಿಂದ ಟಾರ್ಚು ಕಸಿದುಕೊಂಡು, ಹೊಸ್ತಿಲಲ್ಲಿ ನಿಂತು, ಒಂದೊಂದು ಕೊಡಕ್ಕೂ ಬೆಳಕು ಬಿಟ್ಟು ನೋಡಿಯೇ ಒಳಗೆ ಬಿಟ್ಟರು. ಬೇಳೆ ಬೆಣ್ಣೆಯಂತೆ ಬೆಂದಿತು. ನಾದಿನಿ ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು ನಾಲ್ಕು ಹೋಳಿಗೆ ತಿಂದಳು. ಟೈಲರಮ್ಮ ಆರು.

ಎರಡೂವರೆ ತಿಂಗಳಾದ ಮೇಲೆ ಹೆಣ್ಣುಮಗು ಹುಟ್ಟಿತು. ತಾಯಿಗೆ ಒಂದು ದಿನವೂ ಮೈ ಬೆಚ್ಚಗಾಗಲಿಲ್ಲ. ತೊಟ್ಟಿಲಿಗೆ ಪರದೆ ಕಟ್ಟಿದ್ದು ಅತ್ತೆಯೇ. "ತೂತು ಮಾಡಿಲ್ಲ, ನೋಡ್ಕೋ" ಎಂದು ನನ್ನನ್ನು ಕರೆದು ತೋರಿಸಿದರು.

ಈಗಲೂ ಶುಕ್ರವಾರ ಬೀದಿ ಸುತ್ತಿ ಮನೆಗೆ ಬರುತ್ತೇನೆ. ನಮ್ಮ ಗೋಡೆಗೆ ಬರೆಯಲು ನನಗೆ ಅವಕಾಶವಿಲ್ಲ. ಅತ್ತೆ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದು, ಉಪ್ಪಿನಕಾಯಿ ಜಾಡಿಯವರೆಗೂ ಎಲ್ಲವನ್ನೂ ತೋರಿಸುತ್ತಾರೆ. ನಾನು ಸರಿ ಎಂದ ಮೇಲೆ ಸೀಮೆಸುಣ್ಣ ಇಸಿದುಕೊಂಡು, ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು, ಬಾಗಿಲ ಪಕ್ಕದಲ್ಲಿ ತಟ್ಟೆಯಗಲದ ಸೊನ್ನೆಯೊಂದನ್ನು ತಾವೇ ಬರೆಯುತ್ತಾರೆ.