ಬೊಮ್ಮಕ್ಕನ ಕುಬುಸ

ಹೇಮಾವತಿಗೆ ಹಳೇ ಬಟ್ಟೆಯ ಹುಚ್ಚು. ಚನ್ನಗಿರಿಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ಉಡುಪಿನ ಇತಿಹಾಸ ಕಲಿಸುತ್ತಾಳೆ. ಎದುರಿಗೆ ಹೊಸ ರೇಷ್ಮೆ ಸೀರೆ ಬಂದರೆ ತಿರುಗಿ ನೋಡುವುದಿಲ್ಲ, ಹರಿದ ಸೆರಗು ಕಂಡರೆ ಕಣ್ಣರಳಿಸುತ್ತಾಳೆ. ಪ್ರಿನ್ಸಿಪಾಲರನ್ನು ಕಾಡಿ ಬೇಡಿ ಒಂದು ಖಾಲಿ ಕೋಣೆ ಪಡೆದು, ಗಾಜಿನ ಪೆಟ್ಟಿಗೆಗಳನ್ನು ಇರಿಸಿ, ವಸ್ತ್ರ ಸಂಗ್ರಹಾಲಯ ಎಂದು ಬೋರ್ಡು ಹಾಕಿಸಿದವಳೂ ಅವಳೇ.

ಜಗಳೂರು ಕಡೆಯ ಹಳ್ಳಿಯೊಂದರಲ್ಲಿ ಬೊಮ್ಮಕ್ಕ ಎಂಬ ಅಜ್ಜಿಯ ಟ್ರಂಕಿನಲ್ಲಿ ಆ ಖಣದ ಕುಬುಸ ಸಿಕ್ಕಿತು. ಅಜ್ಜಿಯ ಮದುವೆಗೆ ಅವಳ ತಾಯಿ ಕೈಯಲ್ಲೇ ಹೊಲಿದದ್ದು. ನಿಮ್ಮ ಹೆಸರು ಬರೆದು ಎಲ್ಲರಿಗೂ ಕಾಣುವಂತೆ ಇಡುತ್ತೇನೆ, ಕೇಳಿದ ದಿನ ವಾಪಸ್ ಕೊಡುತ್ತೇನೆ ಎಂದು ಹೇಮಾವತಿ ಮಾತು ಕೊಟ್ಟ ಮೇಲೆ ಅಜ್ಜಿ ಮನಸ್ಸು ಗಟ್ಟಿ ಮಾಡಿ ಕೊಟ್ಟಳು.

ಕಾಲೇಜಿಗೆ ತಂದು ಕುಬುಸವನ್ನು ತಿರುವಿ ನೋಡಿದಾಗ ಹೇಮಾವತಿ ಕುಣಿದಾಡುವುದೊಂದು ಬಾಕಿ. ಒಳಮಗ್ಗುಲಲ್ಲಿ, ಎರಡೂ ಕಂಕುಳಿಗೆ ಮೈದಾ ಚೀಲದ ತೇಪೆ. ಚೀಲದ ಅಕ್ಷರ ಇನ್ನೂ ಮಾಸಿರಲಿಲ್ಲ. ಬಡವರು ಬಟ್ಟೆ ಉಳಿಸಿಕೊಂಡ ಬಗೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಒಳಗನ್ನು ಹೊರಗೆ ಮಾಡಿಯೇ ಗಾಜಿನೊಳಗೆ ಇಟ್ಟಳು, ತೇಪೆಯ ಮೇಲೆ ಬೆಳಕು ಬೀಳಿಸಿದಳು, ಬೊಮ್ಮಕ್ಕನ ಹೆಸರಿನ ಚೀಟಿ ಅಂಟಿಸಿದಳು. ಅಜ್ಜಿಯನ್ನು ಒಂದು ಮಾತು ಕೇಳಬೇಕು ಎಂದು ಇಷ್ಟು ಓದಿದವಳಿಗೆ ಹೊಳೆಯಲೇ ಇಲ್ಲ.

ತಿಂಗಳ ಮೇಲೆ ಅಜ್ಜಿ ಬಸ್ಸು ಬದಲಿಸಿಕೊಂಡು ಬಂದಳು. ಮೊಮ್ಮಗಳನ್ನು ಕೊಟ್ಟ ಮನೆಯ ಹೊಸ ಬೀಗಿತ್ತಿಯನ್ನೂ ಆಸೆಯಿಂದ ಕರೆತಂದಿದ್ದಳು. ಗಾಜಿನ ಮುಂದೆ ನಿಂತು ತೇಪೆ ನೋಡಿದವಳೇ ಸೆರಗು ಎಳೆದು ತೋಳು ಮುಚ್ಚಿಕೊಂಡಳು. ಬೀಗಿತ್ತಿ ಚೀಟಿ ಓದಿ, ನಿಮ್ಮದೇನಾ ಎಂದು ಕೇಳಿದಳು.

"ಬೊಮ್ಮಕ್ಕ ಅನ್ನೋರು ನಮ್ಮ ಕಡೆ ಊರಿಗೆ ಹತ್ತು ಮಂದಿ ಅದಾರೆ. ಇದು ನಂದಲ್ಲ ಬಿಡ್ರಿ."

ಪಕ್ಕದಲ್ಲಿದ್ದ ಹೇಮಾವತಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಂದಿನಿಂದ ಊಟ ರುಚಿಸಲಿಲ್ಲ. ಭಾನುವಾರ ಕುಬುಸವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಅಜ್ಜಿಯ ಮನೆಗೆ ಹೋಗಿ, ತಪ್ಪಾಯಿತು ಎಂದು ಕೈಮುಗಿದಳು. ಅಜ್ಜಿ ಬೈಯಲಿಲ್ಲ, ಚಾ ಕೊಟ್ಟಳು. ಗಂಟನ್ನು ಮಾತ್ರ ಮುಟ್ಟಲಿಲ್ಲ.

"ಚೊಚ್ಚಲ ಬಾಣಂತನಕ್ಕೆ ಹೋದಾಗ ನಮ್ಮವ್ವ ಒಳಗಿಂದ ತೇಪೆ ಹಾಕಿದ್ಲು ಮೇಡಂ, ಗಂಡನ ಮನೆಯೋರಿಗೆ ಕಾಣಬಾರದು ಅಂತ. ಬೀಗಿತ್ತಿ ಮುಂದೆ ನಂದಲ್ಲ ಅಂದೀನಿ. ಇನ್ನ ಹೆಂಗೆ ಇಟ್ಕೊಳ್ಳಾಕೆ ಆಗ್ತೈತೆ? ನೀವೇ ಇಟ್ಕೊಳ್ರಿ. ಹೆಸರು ಮಾತ್ರ ತೆಗೀರಿ."

ಕುಬುಸ ಈಗ ಗಾಜಿನೊಳಗೆ ಸರಿಮಗ್ಗುಲಲ್ಲೇ ಇದೆ, ಚೀಟಿಯಿಲ್ಲ. ಯಾರದ್ದು ಎಂದು ವಿದ್ಯಾರ್ಥಿಗಳು ಕೇಳಿದರೆ ಹೇಮಾವತಿ ಗೊತ್ತಿಲ್ಲ ಎನ್ನುತ್ತಾಳೆ.